ಗುಡುಗು ಬಂದರೆ ನಿಲ್ಲುವ ಆಟ

ಹೋದ ತಿಂಗಳು ಊರಿನ ಮನೆಯ ಅಟ್ಟ ಗುಡಿಸುವಾಗ ಒಂದು ಆಟದ ಡಬ್ಬ ಸಿಕ್ಕಿತು. ನಾನು ಜೀವನದಲ್ಲಿ ಮೊದಲ ಸಲ ಪೂರ್ತಿ ದುಡ್ಡು ಕೊಟ್ಟು ಕೊಂಡ ಪಿಸಿ ಗೇಮ್ ಅದು. 999 ರೂಪಾಯಿಯ ಚೀಟಿ ಇನ್ನೂ ಹಿಂಬದಿಯಲ್ಲಿ ಅಂಟಿಕೊಂಡಿತ್ತು. ಒಳಗಿನ ಡಿಸ್ಕ್ ಫಳಫಳ ಹೊಳೆಯುತ್ತಿತ್ತು, ಒಂದು ಗೀರಿಲ್ಲ. ಕೆಳಗೆ ಏಣಿ ಹಿಡಿದು ನಿಂತಿದ್ದ ಅಕ್ಕನ ಮಗ ಅದನ್ನು ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಅವನಿಗೆ ಹನ್ನೊಂದು ವರ್ಷ. ಆಟಕ್ಕೂ ಒಂದು ಡಬ್ಬ ಇರುತ್ತದೆ ಅನ್ನುವುದೇ ಅವನಿಗೆ ಹೊಸದು. "ಮಾಮ, ಇದನ್ನ ಹಾಕೋಣ್ವಾ?" ಅಂದ. ಹಾಕಿದರೂ ಓಡಲ್ಲ ಕಣೋ ಅಂದೆ. "ಯಾಕೆ, ಹಾಳಾಗಿದ್ಯಾ?" ಹಾಳಾಗಿಲ್ಲ. "ಮತ್ತೆ?" ಈ 'ಮತ್ತೆ'ಗೆ ಉತ್ತರ ಹೇಳಲು ನಾನು ಒದ್ದಾಡಿಬಿಟ್ಟೆ. ಇದನ್ನು ಮಾಡಿದ ಕಂಪನಿ ಹೂಂ ಅಂದರೆ ಮಾತ್ರ ಇದು ಓಡುತ್ತದೆ, ಹೂಂ ಅನ್ನುವ ಕಂಪ್ಯೂಟರನ್ನು ಅವರು ಆಫ್ ಮಾಡಿ ಕೆಲವು ವರ್ಷ ಆಯಿತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ದುಡ್ಡು ಕೊಟ್ಟಿರಲಿಲ್ವಾ?" ಅಂದ.

ಇದೇ ಪ್ರಶ್ನೆಯನ್ನು ಇದೇ ಮನೆಯಲ್ಲಿ ಇದೇ ಆಟದ ಬಗ್ಗೆ ಇನ್ನೊಬ್ಬರು ಕೇಳಿದ್ದರು. ನಮ್ಮ ಅಪ್ಪ. ಅದು ನೆನಪಾಗಿ ಅಟ್ಟದ ಮೇಲೆಯೇ ಕೂತುಬಿಟ್ಟೆ.

ಕೃತ್ತಿಕೆ ಮಳೆಯ ಒಂದು ಮಧ್ಯಾಹ್ನ

ನಮ್ಮದು ತೀರ್ಥಹಳ್ಳಿ ಕಡೆ. ಆಗ ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಸ್ವಲ್ಪ ಸಮಯ ಆಗಿತ್ತು. ಮೇ ತಿಂಗಳಲ್ಲಿ ಒಂದು ವಾರ ರಜೆ ಹಾಕಿ, ಲ್ಯಾಪ್‌ಟಾಪಿನ ಜೊತೆ ಈ ಡಬ್ಬವನ್ನೂ ಬ್ಯಾಗಿಗೆ ತುರುಕಿಕೊಂಡು ಊರಿಗೆ ಬಂದಿದ್ದೆ. ಆವರೆಗೆ ನಾನು ಆಡಿದ್ದೆಲ್ಲ ಕದ್ದ ಮಾಲು. ಮೆಜೆಸ್ಟಿಕ್ ಕಡೆ ಐವತ್ತು ರೂಪಾಯಿಗೆ ಸಿಗುತ್ತಿದ್ದ ಡಿವಿಡಿ, ಹಾಸ್ಟೆಲಿನಲ್ಲಿ ರೂಮಿಂದ ರೂಮಿಗೆ ಓಡಾಡುತ್ತಿದ್ದ ಹಾರ್ಡ್ ಡಿಸ್ಕ್. ಸುಳ್ಳು ಹೇಳಿ ಏನು ಪ್ರಯೋಜನ, ನನ್ನ ವಯಸ್ಸಿನ ಬಹಳಷ್ಟು ಜನರ ಕಥೆ ಇದೇ. ಸಂಬಳ ಬರಲು ಶುರುವಾದ ಮೇಲೆ, ಇನ್ನು ಮುಂದೆ ಕೊಂಡೇ ಆಡುವುದು ಅಂತ ಒಂದು ಹಟ ಹುಟ್ಟಿತ್ತು. ಮಾಲ್‌ನ ಅಂಗಡಿಯಲ್ಲಿ ಬಿಲ್ ಹಾಕಿಸುವಾಗ ಒಂಥರಾ ದೊಡ್ಡವನಾದ ಹಾಗೆ ಅನ್ನಿಸಿತ್ತು. ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ 'ಸದಾ ಇಂಟರ್ನೆಟ್ ಸಂಪರ್ಕ ಇರಬೇಕು' ಅಂತ ಬರೆದಿತ್ತು. ಓದಿದ್ದೆ ಕೂಡ. ಒಬ್ಬನೇ ಕೂತು ಆಡುವ ಆಟಕ್ಕೆ ಅದೆಷ್ಟು ಬೇಕಾದೀತು, ಶುರುವಿನಲ್ಲಿ ಒಂದು ಸಲ ಇರಬೇಕು ಅಂದುಕೊಂಡಿದ್ದೆ.

ಮನೆಗೆ ಬರುವ ಫೋನ್ ವೈರು ಅಡಿಕೆ ಮರದಿಂದ ಅಡಿಕೆ ಮರಕ್ಕೆ ಜೋಲಾಡಿಕೊಂಡು ಬರುತ್ತಿತ್ತು. ಒಂದು ಸೋಗೆ ಬಿದ್ದರೂ ಸಾಕು, ಮೋಡೆಮ್ಮಿನ ಹಸಿರು ದೀಪ ಮಿಣುಕಲು ಶುರು. ಮೊದಲ ಎರಡು ದಿನ ಹೇಗೋ ಸುಧಾರಿಸಿತು. ಮೂರನೇ ದಿನ ಮಧ್ಯಾಹ್ನ ಊಟ ಆಗಿ ಆಟ ಶುರು ಮಾಡಿದ್ದೆ. ಪಡುವಣ ದಿಕ್ಕು ಕಪ್ಪಿಟ್ಟಿತು. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಕೃತ್ತಿಕೆ ಮಳೆ ಸುಮ್ನೆ ಬರುವುದಿಲ್ಲ, ಗುಡುಗು ಸಿಡಿಲಿನ ದಿಬ್ಬಣ ಕಟ್ಟಿಕೊಂಡೇ ಬರುತ್ತದೆ. ಮೊದಲ ಗುಡುಗಿಗೆ ಅಮ್ಮ ಅಡುಗೆಮನೆಯಿಂದ ಎದ್ದು ಬಂದರು. ಟಿವಿಯ ಕೇಬಲ್ ಕಿತ್ತರು, ಫೋನಿನ ವೈರ್ ಕಿತ್ತರು. ಹಿಂದಿನ ವರ್ಷ ಪಕ್ಕದ ಮನೆಯವರ ಮೋಡೆಮ್, ಟಿವಿ ಎರಡೂ ಒಂದೇ ಸಿಡಿಲಿಗೆ ಸುಟ್ಟು ಹೋಗಿದ್ದವು. ಅದರಿಂದ ಅಮ್ಮನ ಮುಂದೆ ಯಾರ ವಾದವೂ ನಡೆಯುವ ಹಾಗಿರಲಿಲ್ಲ. ಹತ್ತು ನಿಮಿಷಕ್ಕೆ ಕರೆಂಟೂ ಹೋಯಿತು. ಲ್ಯಾಪ್‌ಟಾಪಿನಲ್ಲಿ ಎರಡೂವರೆ ಗಂಟೆಗೆ ಆಗುವಷ್ಟು ಬ್ಯಾಟರಿ ಇತ್ತು. ಹೊರಗೆ ಹೋಗುವ ಹಾಗಿಲ್ಲ, ಮಾಡಲು ಬೇರೆ ಕೆಲಸ ಇಲ್ಲ, ಹಂಚಿನ ಮೇಲೆ ಮಳೆಯ ಸದ್ದು. ಆಟ ಆಡಲು ಇದಕ್ಕಿಂತ ಒಳ್ಳೆ ಹೊತ್ತು ದೇವರು ಕೊಡಲಾರ. ಪರದೆಯ ಮೇಲೆ ಮಾತ್ರ ಒಂದು ಸಾಲು ಬಂದು ಕೂತಿತ್ತು: ಸರ್ವರ್ ಜೊತೆ ಸಂಪರ್ಕ ತಪ್ಪಿದೆ. ನಲವತ್ತು ನಿಮಿಷ ಆಡಿದ್ದೂ ಹೋಯಿತು.

ಅಪ್ಪ ಜಗುಲಿಯಲ್ಲಿ ಕೂತು ಅಡಿಕೆ ಕೊನೆಗೆ ಕಟ್ಟುವ ಕೊಟ್ಟೆಗಳನ್ನು ಸರಿ ಮಾಡುತ್ತಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಸ್ವಲ್ಪ ಜೋರಾಗಿಯೇ ಕೇಳಿರಬೇಕು.

"ಎಂಥದು ಮಾರಾಯ, ಏನಾಯ್ತು?"

ಹೇಳಿದೆ. ಅವರು ಕೈಯಲ್ಲಿದ್ದ ಕೊಟ್ಟೆ ಕೆಳಗಿಟ್ಟರು.

"ದುಡ್ಡು ಕೊಟ್ಟೇ ತಂದಿದ್ದಲ್ವಾ?"

"ಹೌದಪ್ಪ."

"ಒಬ್ಬನೇ ತಾನೆ ಆಡೋದು? ಮತ್ತೆ ಅವರಿಗೆ ಇಲ್ಲಿ ಎಂಥ ಕೆಲಸ?"

ಜನ ಕದ್ದು ಆಡ್ತಾರೆ, ಅದಕ್ಕೇ ಕೊಂಡವನು ಹೌದೋ ಅಲ್ವೋ ಅಂತ ಪ್ರತಿ ನಿಮಿಷ ನೋಡ್ತಾ ಇರ್ತಾರೆ ಅಂದೆ. ಕಂಪನಿಯ ಪರ ವಾದ ಮಾಡುವ ಕರ್ಮ ನನ್ನ ಪಾಲಿಗೆ ಬಂದಿತ್ತು. ಅಪ್ಪನಿಗೆ ಕಳ್ಳರ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ರೇಟು ಏರಿದ ವರ್ಷ ಅಂಗಳದಲ್ಲಿ ಒಣಗಲು ಹರವಿದ ಅಡಿಕೆಗೆ ರಾತ್ರಿ ಇಡೀ ಕಾವಲು ಕೂತವರು ಅವರು. "ಅಡಿಕೆ ಕದಿಯೋರು ಇದ್ದಾರೆ ಅಂತ ಮಂಡಿಯಲ್ಲಿ ಕೊಂಡವರ ಮನೆಗೆ ಹೋಗಿ ನಾವು ಕಾವಲು ಕೂರ್ತೀವಾ?" ಅಂದರು. ಮತ್ತೆ ಕೊಟ್ಟೆ ಎತ್ತಿಕೊಂಡರು. ಅವರ ಪಾಲಿಗೆ ಚರ್ಚೆ ಅಲ್ಲಿಗೇ ಮುಗಿಯಿತು.

ಸಂಜೆ ಮಳೆ ಬಿಟ್ಟ ಮೇಲೆ ಚಿಕ್ಕಪ್ಪನ ಮಗ ಬಂದ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ನನ್ನ ಗೋಳು ಕೇಳಿ ನಗಲು ಶುರು ಮಾಡಿದ. ಅದೇ ಆಟ ಅವನ ಹತ್ತಿರವೂ ಇತ್ತು, ಹಾಸ್ಟೆಲಿನ ಹಾರ್ಡ್ ಡಿಸ್ಕಿನಿಂದ ಬಂದದ್ದು, ಕ್ರ್ಯಾಕ್ ಆದದ್ದು, ಅಂದರೆ ಬೀಗ ಒಡೆದದ್ದು. ಗುಡುಗಿದರೂ ಓಡುತ್ತಿತ್ತು, ವೈರ್ ಕಿತ್ತರೂ ಓಡುತ್ತಿತ್ತು. "ಅಣ್ಣ, ಪೆನ್ ಡ್ರೈವ್ ಕೊಡು, ನಂದೇ ಹಾಕ್ಕೊಡ್ತೀನಿ" ಅಂದ. ಕೊಟ್ಟೆ. 999 ರೂಪಾಯಿಯ ಆಟವನ್ನು ತೆಗೆದು, ಅದೇ ಆಟದ ಕದ್ದ ಪ್ರತಿಯನ್ನು ಹಾಕಿಕೊಂಡೆ. ಹಳೆಯ ಸೇವ್ ಎಲ್ಲ ಕಂಪನಿಯ ಸರ್ವರಿನಲ್ಲಿ ಉಳಿದಿತ್ತು, ಮೊದಲಿನಿಂದ ಆಡಬೇಕಾಯಿತು. ಡಬ್ಬ ಅಟ್ಟಕ್ಕೆ ಹೋಯಿತು.

ಸಮುದ್ರದ ಅಡಿಯಲ್ಲೂ ಸಿಗ್ನಲ್ ಬೇಕು

ನನಗೆ ಆದದ್ದು ಏನೂ ದೊಡ್ಡದಲ್ಲ ಅನ್ನುವುದು ಆಮೇಲೆ ಗೊತ್ತಾಯಿತು. ನಮ್ಮೂರಿನ ಇಂಟರ್ನೆಟ್ ಸರಿ ಇಲ್ಲದಿದ್ದರಿಂದ ಹೀಗಾಯಿತು ಅಂದುಕೊಂಡಿದ್ದೆ. ಆದರೆ ಒಳ್ಳೆಯ ಇಂಟರ್ನೆಟ್ ಇದ್ದ ದೇಶಗಳ ಜನ ನನಗಿಂತ ಮೊದಲೇ ಕೂಗಾಡಿದ್ದರು. 2010ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಕಂಪನಿ 'ಅಸ್ಯಾಸಿನ್ಸ್ ಕ್ರೀಡ್ 2' ಆಟದ ಪಿಸಿ ಆವೃತ್ತಿಗೆ ಈ ಸದಾ-ಆನ್‌ಲೈನ್ ಬೀಗ ಹಾಕಿತು. 'ಸೈಲೆಂಟ್ ಹಂಟರ್ 5'ಕ್ಕೂ ಅದೇ ಬೀಗ. ಅದು ಎರಡನೇ ಮಹಾಯುದ್ಧದ ಜರ್ಮನ್ ಜಲಾಂತರ್ಗಾಮಿಯ ಆಟ. ಅಟ್ಲಾಂಟಿಕ್ ಸಮುದ್ರದ ಅಡಿಯಲ್ಲಿ ಉಸಿರು ಬಿಗಿಹಿಡಿದು ಅಡಗಿ ಕೂರಬೇಕು, ಆದರೆ ಮನೆಯ ಮೋಡೆಮ್ ಮಾತ್ರ ಆನ್ ಇರಬೇಕು! ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಯಾರೋ ಕಂಪನಿಯ ಸರ್ವರ್‌ಗಳ ಮೇಲೆ ದಾಳಿ ಮಾಡಿದರು. ದುಡ್ಡು ಕೊಟ್ಟವರು ಆಟದ ಬಾಗಿಲಲ್ಲೇ ನಿಂತರು. ಈ ದಾಳಿಯಿಂದ ಕದ್ದು ಆಡುವವರಿಗೆ ಏನೂ ಆಗುವ ಹಾಗಿರಲಿಲ್ಲ. ಅವರು ಯಾವ ಸರ್ವರ್ ಬಾಗಿಲನ್ನೂ ತಟ್ಟುವುದೇ ಇಲ್ಲವಲ್ಲ. 2012ರ ಹೊತ್ತಿಗೆ ಯೂಬಿಸಾಫ್ಟ್, ಆ ಪದ್ಧತಿಯನ್ನು ಕೈಬಿಟ್ಟಿದ್ದೇವೆ ಅಂತ ಹೇಳಿತು.

ಅದೇ 2012ರ ಮೇ 15ಕ್ಕೆ 'ಡಯಾಬ್ಲೊ 3' ಬಂತು. ಹನ್ನೊಂದು ಹನ್ನೆರಡು ವರ್ಷ ಕಾದಿದ್ದ ಜನ. ಮೊದಲ 24 ಗಂಟೆಯಲ್ಲಿ 35 ಲಕ್ಷ ಪ್ರತಿ ಮಾರಾಟವಾಯಿತು. ಅವರಲ್ಲಿ ಎಷ್ಟೋ ಜನ ಮೊದಲು ಕಂಡದ್ದು ರಾಕ್ಷಸರನ್ನಲ್ಲ, 'ಎರರ್ 37' ಅನ್ನುವ ಸಾಲನ್ನು. ಸರ್ವರ್ ಬಿಡುವಿಲ್ಲ, ಆಮೇಲೆ ಬನ್ನಿ. ಸರ್ಕಾರಿ ಕಚೇರಿಯಲ್ಲಿ ಊಟದ ಹೊತ್ತಿಗೆ ಹೋದರೆ ಸಿಗುವ ಉತ್ತರ ಇದು. ದಕ್ಷಿಣ ಕೊರಿಯಾದಲ್ಲಿ ಜನ ಎಷ್ಟು ದೂರು ಕೊಟ್ಟರೆಂದರೆ, ಅಲ್ಲಿನ ಸರ್ಕಾರದ ನ್ಯಾಯಯುತ ವ್ಯಾಪಾರ ಆಯೋಗ ಆಟ ಮಾಡಿದ ಬ್ಲಿಝಾರ್ಡ್ ಕಂಪನಿಯ ಕಚೇರಿಗೇ ಹೋಗಿ ತನಿಖೆ ಮಾಡಿತು. ಕಂಪನಿ ಕೊಟ್ಟ ಕಾರಣ ಪೂರ್ತಿ ಸುಳ್ಳೂ ಅಲ್ಲ. ಆಟದ ಒಳಗೆ ನಿಜವಾದ ದುಡ್ಡಿಗೆ ಕತ್ತಿ ಗುರಾಣಿ ಮಾರುವ ಹರಾಜು ಕಟ್ಟೆ ಇತ್ತು, ಮೋಸ ತಡೆಯಲು ಎಲ್ಲವೂ ಸರ್ವರಿನಲ್ಲಿ ಇರಬೇಕಿತ್ತು. ಆದರೆ ಮರುವರ್ಷ ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360 ಅನ್ನುವ, ಟಿವಿಗೆ ಜೋಡಿಸುವ ಆಟದ ಯಂತ್ರಗಳಿಗೆ ಬಂದ ಅದೇ ಆಟ ಇಂಟರ್ನೆಟ್ ಇಲ್ಲದೆ ಚೆನ್ನಾಗಿಯೇ ಓಡಿತು. 2014ರ ಮಾರ್ಚ್‌ನಲ್ಲಿ ಹರಾಜು ಕಟ್ಟೆಯನ್ನೂ ಮುಚ್ಚಿದರು. ಪಿಸಿಯ ಬೀಗ ಮಾತ್ರ ಹಾಗೇ ಉಳಿಯಿತು.

ಇದೇ ಬ್ಲಿಝಾರ್ಡ್ 1998ರಲ್ಲಿ 'ಸ್ಟಾರ್‌ಕ್ರಾಫ್ಟ್' ಮಾರುವಾಗ ಏನು ಮಾಡಿತ್ತು ಗೊತ್ತಾ? ಒಂದು ಸಿಡಿ ಕೊಂಡರೆ 'ಸ್ಪಾನ್' ಅನ್ನುವ ಆಯ್ಕೆ ಇರುತ್ತಿತ್ತು. ಅದೇ ಸಿಡಿಯಿಂದ ಗೆಳೆಯರ ಕಂಪ್ಯೂಟರ್‌ಗಳಿಗೂ ಹಾಕಿ, ಒಟ್ಟು ಎಂಟು ಜನ ಲ್ಯಾನ್‌ನಲ್ಲಿ, ಅಂದರೆ ಕಂಪ್ಯೂಟರ್‌ಗಳನ್ನು ಕೇಬಲ್ಲಿನಿಂದ ನೇರ ಜೋಡಿಸಿಕೊಂಡು, ಸೇರಿ ಆಡಬಹುದಿತ್ತು. ಕಂಪನಿಯೇ ಒಪ್ಪಿ ಕೊಟ್ಟ ಸೌಲಭ್ಯ ಅದು. ಶಿವಮೊಗ್ಗದ ಸೈಬರ್ ಕೆಫೆಯೊಂದರಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ ಕೊಟ್ಟು, ಬೆವರು ವಾಸನೆಯ ಕ್ಯಾಬಿನ್‌ಗಳಲ್ಲಿ ಕೂತು, ಗೋಡೆಯ ಆಚೆಯವನಿಗೆ ಬೈಯುತ್ತಾ ಆಡಿದ ದಿನಗಳು ನನಗೆ ನೆನಪಿವೆ. ಅಲ್ಲಿ ಎಷ್ಟೋ ದಿನ ಇಂಟರ್ನೆಟ್ಟೇ ಇರುತ್ತಿರಲಿಲ್ಲ, ಲ್ಯಾನ್ ಕೇಬಲ್ ಸಾಕಿತ್ತು. 2010ರಲ್ಲಿ ಸ್ಟಾರ್‌ಕ್ರಾಫ್ಟಿನ ಎರಡನೇ ಭಾಗ ಬಂದಾಗ ಲ್ಯಾನ್ ಆಟವನ್ನೇ ಕಿತ್ತು ಹಾಕಿದ್ದರು. ಪಕ್ಕದ ಕುರ್ಚಿಯಲ್ಲಿ ಕೂತ ಗೆಳೆಯನ ಜೊತೆ ಆಡಲೂ ಕಂಪನಿಯ ಸರ್ವರ್ ಮುಟ್ಟಿ ಬರಬೇಕು.

ಊರು ಕಟ್ಟುವ ಆಟದ ಗುಟ್ಟು

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು 'ಸಿಮ್‌ಸಿಟಿ'ಯ ಕಥೆ. 1989ರಲ್ಲಿ ಮೊದಲ ಸಿಮ್‌ಸಿಟಿ ಬಂದಾಗ ಅದು ಫ್ಲಾಪಿಯಲ್ಲಿ ಬರುತ್ತಿತ್ತು. ರಸ್ತೆ ಎಳಿ, ಕರೆಂಟ್ ಕೊಡು, ತೆರಿಗೆ ಹಾಕು, ಜನ ಬೈದರೆ ಪಾರ್ಕ್ ಮಾಡಿಕೊಡು. ಗೆಲ್ಲುವುದೂ ಇಲ್ಲ ಸೋಲುವುದೂ ಇಲ್ಲ. ಮನಸ್ಸಿಗೆ ನೆಮ್ಮದಿ ಕೊಡುವ ಒಂಟಿ ಆಟ. 2013ರ ಮಾರ್ಚ್‌ನಲ್ಲಿ ಅದರ ಹೊಸ ಅವತಾರ ಬಂತು. ಸದಾ ಆನ್‌ಲೈನ್ ಇರಬೇಕು ಅಂದರು. ಸರ್ವರ್ ಮುಂದೆ ರೇಷನ್ ಅಂಗಡಿಯ ಹಾಗೆ ಸಾಲು. ಒಳಗೆ ಹೋದವರ ಊರುಗಳು ಮಾಯ. ಹೊರೆ ಕಡಿಮೆ ಮಾಡಲು ಆಟದಲ್ಲಿದ್ದ ಅತಿ ವೇಗದ ಆಯ್ಕೆಯನ್ನೇ ಕಂಪನಿ ತೆಗೆದುಬಿಟ್ಟಿತು. ಅಮೆಜಾನ್ ಕೆಲವು ದಿನ ಡೌನ್‌ಲೋಡ್ ಪ್ರತಿ ಮಾರುವುದನ್ನೇ ನಿಲ್ಲಿಸಿತು. ಕೊನೆಗೆ ಆಟವನ್ನು ಮಾರುಕಟ್ಟೆಗೆ ತಂದ ಇಎ ಕಂಪನಿ, ಕೊಂಡವರಿಗೆಲ್ಲ ಇನ್ನೊಂದು ಆಟ ಪುಕ್ಕಟೆ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಸರ್ವರ್ ಕುಸಿಯುವುದು ಒಂದು ತಪ್ಪು, ಅದನ್ನು ಕ್ಷಮಿಸಬಹುದು. ಕ್ಷಮಿಸಲು ಕಷ್ಟವಾಗಿದ್ದು ಅವರು ಕೊಟ್ಟ ವಿವರಣೆ. ಆಟದ ಲೆಕ್ಕಾಚಾರದ ದೊಡ್ಡ ಪಾಲು ನಮ್ಮ ಸರ್ವರ್‌ಗಳಲ್ಲೇ ನಡೆಯುತ್ತದೆ, ಅದನ್ನು ಬಿಡಿಸಿ ನಿಮ್ಮ ಕಂಪ್ಯೂಟರಿಗೆ ತರುವುದು ಭಾರೀ ಕೆಲಸ ಅಂತ ಆಟ ಮಾಡಿದ ಮ್ಯಾಕ್ಸಿಸ್ ಸ್ಟುಡಿಯೋದ ಮುಖ್ಯಸ್ಥರೇ ಹೇಳಿದ್ದರು. ಕೆಲವೇ ದಿನದಲ್ಲಿ ಆಟಗಾರರು ಇಂಟರ್ನೆಟ್ ಕೇಬಲ್ ಕಿತ್ತು ನೋಡಿದರು. ಊರಿನ ಪಾಡಿಗೆ ಊರು ನಡೆಯುತ್ತಲೇ ಇತ್ತು. ಬಸ್ಸು ಓಡುತ್ತಿತ್ತು, ಕಸ ಎತ್ತುವ ಲಾರಿ ಓಡುತ್ತಿತ್ತು. ಸುಮಾರು ಇಪ್ಪತ್ತು ನಿಮಿಷ ಆದ ಮೇಲೆ ಮಾತ್ರ ಆಟ ತಾನಾಗಿ ಹೊರಗೆ ಹಾಕುತ್ತಿತ್ತು. ಆ ಕಾಲಮಿತಿಯ ಸಾಲನ್ನು ಒಬ್ಬ ಮಾಡರ್ (ಆಟದ ಕೋಡನ್ನು ತನಗೆ ಬೇಕಾದ ಹಾಗೆ ತಿದ್ದುವವನು) ತೆಗೆದು ಹಾಕಿದ, ಆಮೇಲೆ ಎಷ್ಟು ಹೊತ್ತು ಬೇಕಾದರೂ ಓಡಿತು. ಒಂದು ವರ್ಷ ಕಳೆದು, 2014ರ ಮಾರ್ಚ್‌ನಲ್ಲಿ ಕಂಪನಿಯೇ ಆಫ್‌ಲೈನ್ ಆವೃತ್ತಿ ಕೊಟ್ಟಿತು. 2015ರ ಮಾರ್ಚ್‌ನಲ್ಲಿ, ಈ ಆಟ ಮಾಡಿದ ಅಮೆರಿಕದ ಎಮೆರಿವಿಲ್‌ನ ಸ್ಟುಡಿಯೋವನ್ನು ಇಎ ಮುಚ್ಚಿತು. ಅದೇ ತಿಂಗಳು ಫಿನ್‌ಲೆಂಡಿನ ಒಂದು ಪುಟ್ಟ ತಂಡದ 'ಸಿಟೀಸ್: ಸ್ಕೈಲೈನ್ಸ್' ಬಂತು. ಊರು ಕಟ್ಟುವ ಆಟವೇ, ಆಡಲು ಇಂಟರ್ನೆಟ್ ಬೇಡ. ನಾನು ಅದನ್ನು ಕೊಂಡೆ. ಇವತ್ತಿಗೂ ನನ್ನ ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಟ್ರಾಫಿಕ್ ಜಾಮ್ ಬಿಡಿಸಲು ಆಗಿಲ್ಲ, ಅದು ಬೇರೆ ವಿಷಯ.

ಕಂಪನಿಗಳ ಕಷ್ಟ ನನಗೆ ಅರ್ಥವಾಗದೆ ಏನಿಲ್ಲ. ನಾನೇ ಆ ಕಷ್ಟದ ಒಂದು ಭಾಗ ಆಗಿದ್ದವನು. ಒಂದು ಆಟಕ್ಕೆ ನೂರಾರು ಜನ ನಾಲ್ಕೈದು ವರ್ಷ ದುಡಿದಿರುತ್ತಾರೆ, ಬಿಡುಗಡೆಯ ದಿನವೇ ಅದು ಪುಕ್ಕಟೆ ಸಿಕ್ಕಿದರೆ ಹೊಟ್ಟೆ ಉರಿಯುವುದಿಲ್ವಾ? ಮೊದಲೂ ಬೀಗಗಳಿದ್ದವು. ಕೈಪಿಡಿಯ ಇಷ್ಟನೇ ಪುಟದ ಇಷ್ಟನೇ ಪದ ಟೈಪ್ ಮಾಡು ಅನ್ನುತ್ತಿದ್ದ ಕಾಲ ಇತ್ತು. ಆಮೇಲೆ ಸಿಡಿ ಒಳಗಿದ್ದರೇ ಓಡುತ್ತೇನೆ ಅನ್ನುವ ಆಟಗಳು ಬಂದವು. 2008ರ 'ಸ್ಪೋರ್' ಮೂರೇ ಕಂಪ್ಯೂಟರಿಗೆ ಹಾಕಬಹುದು ಅಂದು ಬೈಸಿಕೊಂಡಿತು. ಇವೆಲ್ಲ ಕಿರಿಕಿರಿಯೇ. ಆದರೂ ಬೀಗದ ಕೈ ನಮ್ಮ ಮನೆಯಲ್ಲೇ ಇರುತ್ತಿತ್ತು. ಕೈಪಿಡಿ ಕಳೆದರೆ ನಮ್ಮ ತಪ್ಪು, ಸಿಡಿಗೆ ಗೀರು ಬಿದ್ದರೆ ನಮ್ಮ ತಪ್ಪು. ಸದಾ-ಆನ್‌ಲೈನ್ ಪದ್ಧತಿಯಲ್ಲಿ ಬೀಗದ ಕೈ ಸಾವಿರಾರು ಮೈಲಿ ದೂರದಲ್ಲಿ ಇನ್ನೊಬ್ಬರ ಜೇಬಿನಲ್ಲಿದೆ. ಅವರಿಗೆ ಬೇಸರ ಬಂದರೆ ನಮ್ಮ ಬಾಗಿಲು ಬಂದ್.

ಬೇಸರ ಬಂದ ದಿನ

ಬಂದೇ ಬಂತು. 'ದಿ ಕ್ರೂ' ಅನ್ನುವ ಕಾರ್ ಆಟ 2014ರ ಡಿಸೆಂಬರ್‌ನಲ್ಲಿ ಬಂದದ್ದು, ಅದೇ ಯೂಬಿಸಾಫ್ಟಿನದು. ಹೌದು, ಬೀಗ ಕೈಬಿಟ್ಟೆವು ಅಂದಿದ್ದವರೇ. ಈ ಸಲ ಬೀಗ ಅಂತ ಹೆಸರಿಡಲಿಲ್ಲ, ಆನ್‌ಲೈನ್ ಆಟ ಅಂತ ಹೆಸರಿಟ್ಟರು. ಇಡೀ ಅಮೆರಿಕವನ್ನು ಚಿಕ್ಕದು ಮಾಡಿ ನಕ್ಷೆ ಕಟ್ಟಿದ್ದರು. ನ್ಯೂಯಾರ್ಕಿನಿಂದ ಹೊರಟು ಒಬ್ಬನೇ ಹಾಡು ಹಾಕಿಕೊಂಡು ಲಾಸ್ ಏಂಜಲೀಸ್‌ವರೆಗೆ ಗಾಡಿ ಓಡಿಸಿಕೊಂಡು ಹೋಗಬಹುದಿತ್ತು. ಬಹಳ ಜನಕ್ಕೆ ಅದರಲ್ಲಿ ಇಷ್ಟವಾಗಿದ್ದೇ ಅದು, ರೇಸ್ ಅಲ್ಲ. 2024ರ ಮಾರ್ಚ್ 31ಕ್ಕೆ ಸರ್ವರ್ ನಿಲ್ಲಿಸಿದರು. ಡಿಸ್ಕ್ ಇದ್ದವರಿಗೂ ಇಲ್ಲ, ಡೌನ್‌ಲೋಡ್ ಮಾಡಿದವರಿಗೂ ಇಲ್ಲ. ಎಷ್ಟೋ ಜನರ ಖಾತೆಯಿಂದ ಲೈಸೆನ್ಸೇ, ಅಂದರೆ ಆಡುವ ಅನುಮತಿಯೇ, ವಾಪಸ್ ಹೋಯಿತು.

ರಾಸ್ ಸ್ಕಾಟ್ ಅನ್ನುವ ಯೂಟ್ಯೂಬರ್ ಇದನ್ನೇ ಹಿಡಿದು ಆ ವರ್ಷದ ಏಪ್ರಿಲ್‌ನಲ್ಲಿ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಅಂತ ಚಳವಳಿ ಶುರು ಮಾಡಿದ. ಅವನ ಬೇಡಿಕೆ ದೊಡ್ಡದೇನಲ್ಲ. ಸರ್ವರ್ ಎಂದೆಂದಿಗೂ ನಡೆಸಿ ಅಂತ ಯಾರೂ ಕೇಳುತ್ತಿಲ್ಲ, ಮುಚ್ಚುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಅನ್ನುವುದಷ್ಟೇ. ಯುರೋಪಿಯನ್ ಒಕ್ಕೂಟದ ಮುಂದೆ ಇಟ್ಟ ನಾಗರಿಕರ ಮನವಿಗೆ 10 ಲಕ್ಷ ಸಹಿ ಬೇಕಿತ್ತು, 2025ರ ಜುಲೈನಲ್ಲಿ ಅದು ದಾಟಿತು. ನಾನೂ ಸಹಿ ಹಾಕಲು ಹೋಗಿದ್ದೆ, ಅಲ್ಲಿನ ಪ್ರಜೆಗಳಿಗೆ ಮಾತ್ರ ಅಂತ ತಿಳಿದು ಪೆಚ್ಚಾಗಿ ವಾಪಸ್ ಬಂದೆ. ಈ ಗಲಾಟೆಯ ನಡುವೆ, 2024ರ ಸೆಪ್ಟೆಂಬರ್‌ನಲ್ಲೇ ಯೂಬಿಸಾಫ್ಟ್, ದಿ ಕ್ರೂ ಸರಣಿಯ ಮುಂದಿನ ಎರಡು ಆಟಗಳಿಗೆ ಆಫ್‌ಲೈನ್ ವ್ಯವಸ್ಥೆ ಮಾಡುತ್ತೇವೆ ಅಂತ ಒಪ್ಪಿಕೊಂಡಿತು. ಮೊದಲ ಆಟವನ್ನು ಅಭಿಮಾನಿಗಳೇ ಬದುಕಿಸಿದರು. ತಮ್ಮದೇ ಸರ್ವರ್ ಪ್ರೋಗ್ರಾಮ್ ಬರೆದು 2025ರಲ್ಲಿ ಎಲ್ಲರಿಗೂ ಕೊಟ್ಟರು. ಕಂಪನಿಯ ಕೈಲಿ ಆಗದ್ದು, ಅಥವಾ ಮಾಡಲು ಮನಸ್ಸಿಲ್ಲದ್ದು, ಕೆಲಸ ಮುಗಿಸಿ ರಾತ್ರಿ ಕೂತು ಕೋಡ್ ಬರೆಯುವವರ ಕೈಲಿ ಆಯಿತು.

ಈಗೀಗ ಮಾತಿನಲ್ಲಾದರೂ ಸ್ವಲ್ಪ ನೇರ ಆಗಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಜಾರಿಯಲ್ಲಿದೆ. ಗಿರಾಕಿಗೆ ಕೊಡುತ್ತಿರುವುದು ಬರೀ ಲೈಸೆನ್ಸ್ ಅಂತ ಸ್ಪಷ್ಟವಾಗಿ ಹೇಳದೆ 'ಕೊಳ್ಳಿ' ಅನ್ನುವ ಪದವನ್ನು ಡಿಜಿಟಲ್ ಅಂಗಡಿಗಳು ಬಳಸುವ ಹಾಗಿಲ್ಲ. ಅದು ಜಾರಿಗೆ ಬರುವ ಮೊದಲೇ ಸ್ಟೀಮ್ ಅನ್ನುವ ಆನ್‌ಲೈನ್ ಆಟದ ಅಂಗಡಿಯ ದುಡ್ಡು ಕಟ್ಟುವ ಪುಟದಲ್ಲಿ ಇಂಥ ಒಂದು ಸಾಲು ಕಾಣಿಸಿಕೊಂಡಿತು. ಮೊದಲ ಸಲ ಅದನ್ನು ನೋಡಿದಾಗ ನನಗೆ ಸಿಟ್ಟು ಬರಲಿಲ್ಲ. ಅಪ್ಪನಿಗೆ ತೋರಿಸಬೇಕು ಅನ್ನಿಸಿತು. ಮಂಡಿಯಲ್ಲಿ ದುಡ್ಡು ಎಣಿಸಿ ಕೊಟ್ಟ ಮೇಲೂ ಅಡಿಕೆ ನಿಮ್ಮದಲ್ಲ ಅಂತ ಈಗ ಬೋರ್ಡ್ ಹಾಕಿದ್ದಾರೆ ನೋಡಿ ಅಂತ.

ಕಂಬದಿಂದ ಬಂದ ಗಾಜಿನ ದಾರ

ಅಟ್ಟ ಗುಡಿಸಿದ ದಿನದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಮನೆಗೆ ಈಗ ಫೈಬರ್ ಬಂದಿದೆ. ಕರೆಂಟ್ ಕಂಬದ ಮೇಲಿಂದ ತೆಳ್ಳಗೆ ಕಪ್ಪು ದಾರದ ಹಾಗೆ ಇಳಿದು ಬರುತ್ತದೆ. ಬೆಂಗಳೂರಿನ ನನ್ನ ಮನೆಗಿಂತ ಜೋರಾಗಿದೆ. ಅಕ್ಕನ ಮಗ ಸಂಜೆ ಅವನ ಲ್ಯಾಪ್‌ಟಾಪಿನಲ್ಲಿ ಯಾವುದೋ ಆಟ ಆಡುತ್ತಿದ್ದ. ಗುಡುಗು ಶುರುವಾಯಿತು. ಅಮ್ಮ ಎದ್ದು ಬಂದು ಗೋಡೆಯ ಬಾಕ್ಸಿನ ಪ್ಲಗ್ ಕಿತ್ತರು. ಅಮ್ಮ, ಇದು ಗಾಜಿನ ದಾರ, ಇದರಲ್ಲಿ ಸಿಡಿಲು ಹರಿದು ಬರಲ್ಲ ಅಂತ ನಾನು ಶುರು ಮಾಡಿದೆ. "ದಾರದಲ್ಲಿ ಬರಲ್ಲ ಸರಿ, ಬಾಕ್ಸಿಗೆ ಕರೆಂಟಿನ ವೈರ್ ಇದೆಯಲ್ಲ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲಿನಲ್ಲಿ ನೋಡಿದರೆ ಸಿಗ್ನಲ್ಲೂ ಸತ್ತಿತ್ತು.

"ಮಾಮ, ಆಟ ಹೋಯ್ತು" ಅಂದ ಹುಡುಗ. ಪರದೆಯ ಮೇಲೆ ನಾನು ಹತ್ತು ಹನ್ನೆರಡು ವರ್ಷದ ಹಿಂದೆ ಓದಿದ್ದ ಸಾಲೇ, ಅಕ್ಷರದ ಆಕಾರ ಮಾತ್ರ ಬೇರೆ.

ನನ್ನ ಬ್ಯಾಗಿನಲ್ಲಿ ಒಂದು ಹಾರ್ಡ್ ಡಿಸ್ಕ್ ಇರುತ್ತದೆ. ಗಾಗ್ ಅನ್ನುವ ಅಂಗಡಿಯಿಂದ ದುಡ್ಡು ಕೊಟ್ಟು ಕೊಂಡ ಹಳೆಯ ಆಟಗಳ ಇನ್‌ಸ್ಟಾಲರ್‌ಗಳು ಅದರಲ್ಲಿವೆ. ಬೀಗ ಇಲ್ಲದ್ದು, ಯಾರನ್ನೂ ಕೇಳದೆ ಓಡುವಂಥದ್ದು. ಹಾಗಂತ ನಾನೇನೂ ಪತಿವ್ರತೆ ಅಲ್ಲ, ಸ್ಟೀಮ್‌ನಲ್ಲಿ ಸೇಲ್ ಬಂದಾಗೆಲ್ಲ ಆ ಲೈಸೆನ್ಸ್ ಸಾಲನ್ನು ಓದಿಯೂ ಕೊಳ್ಳುತ್ತಲೇ ಇರುತ್ತೇನೆ. ಹಾರ್ಡ್ ಡಿಸ್ಕ್ ಚುಚ್ಚಿ ಒಂದು ಆಟ ಹಾಕಿಕೊಟ್ಟೆ. ಗ್ರಾಫಿಕ್ಸ್ ನೋಡಿ ಅವನು ಮುಖ ಸಿಂಡರಿಸಿದ. "ಇದು ಎಷ್ಟು ಹಳೇದು ಮಾಮ?" ನಿನ್ನ ಅಮ್ಮ ಹೈಸ್ಕೂಲಿನಲ್ಲಿದ್ದಾಗಿನದು ಅಂದೆ. ಕರೆಂಟ್ ಹೋಯಿತು. ಬ್ಯಾಟರಿ ಎಪ್ಪತ್ತೆರಡು ಪರ್ಸೆಂಟ್ ಇತ್ತು. ಜಗುಲಿಯಿಂದ ಅಪ್ಪ, "ಏ, ಟಾರ್ಚ್ ಎಲ್ಲಿಟ್ರೋ?" ಅಂತ ಕೂಗಿದರು. ಎರಡು ಸಲ ಕೂಗಿದ ಮೇಲೂ ಹುಡುಗ ತಲೆ ಎತ್ತಲಿಲ್ಲ. ನಾನೇ ಎದ್ದು ಹೋದೆ.